ಎಡೆ ಇಟ್ಟು ಕದ ಎಳೆದ ಮೇಲೆ

ಹೊಳೆನರಸೀಪುರ

ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಕಾಫಿ ಕುಡಿದು, ನನ್ನನ್ನೂ ನಮ್ಮ ಗೋಡೆಯ ಮೇಲಿನ ಘಟಿಕೋತ್ಸವದ ಫೋಟೋವನ್ನೂ ಒಂದೊಂದು ಸಲ ನೋಡಿ, "ಫಾರಿನ್ನಿಗೆ ಯಾತಕ್ಕೆ ಮೇಡಂ?" ಎಂದರು.

"ಒಂದು ಸಿನಿಮಾ ಜೊತೆ ಹೋಗ್ತಿದೀನಿ."

"ಓಹೋ! ಆಕ್ಟಿಂಗಾ?"

"ಇಲ್ಲ ಸಾರ್. ಇಂಗ್ಲಿಷು."

ಅವರಿಗೆ ಅರ್ಥವಾಗಲಿಲ್ಲ. ನಮ್ಮೂರಿನವರಿಗೂ ಆಗಿರಲಿಲ್ಲ. ಆದ್ದರಿಂದ ಓದುವವರಿಗೆ ಅದನ್ನೇ ಮೊದಲು ಬಿಡಿಸಿ ಹೇಳಿಬಿಡುತ್ತೇನೆ.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು, ಹೆಸರು ಶಾರದ. ಹುಟ್ಟಿದ್ದು ಅರಕಲಗೂಡು ತಾಲೂಕಿನಲ್ಲಿ, ಗೊರೂರು ಅಣೆಕಟ್ಟಿನ ಹಿನ್ನೀರು ಬಂದು ನಿಲ್ಲುವ ಅಂಚಿನ ಊರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮುಗಿಸಿದ್ದು ನಾನೇ ಮೊದಲು. ಹಾಸನದ ಹಾಸ್ಟೆಲಿನಲ್ಲಿ ಅನ್ನದ ಹುಳ ಆರಿಸುತ್ತಾ ಎಂ.ಎ. ಮಾಡಿದೆ, ಅದೂ ಇಂಗ್ಲಿಷಿನಲ್ಲಿ. ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಕಷ್ಟಪಟ್ಟು ಗಳಿಸಿದ್ದನ್ನು ಮುಚ್ಚಿಟ್ಟುಕೊಳ್ಳುವ ಶ್ರೀಮಂತಿಕೆ ನಮ್ಮ ಮನೆಯಲ್ಲಿ ಯಾರಿಗೂ ಬಂದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಹೆಂಗಸರು ಹಿನ್ನೀರಿನ ಆಚೆ ದಡಕ್ಕೆ ಕೂಲಿಗೆ ಹೋಗಿ, ಸಂಜೆ ಹರಿಗೋಲಿನಲ್ಲಿ ವಾಪಸ್ಸು ಬರುವಾಗ ಗಾಳಿ ಎದ್ದು ಹರಿಗೋಲು ಮಗುಚಿತು. ನನ್ನ ಅಕ್ಕ ಗೌರಿ ಅದರಲ್ಲಿದ್ದಳು. ಅವಳ ಹೆಣ ಸಿಕ್ಕಿತು. ಕೆಲವರದು ಸಿಗಲೇ ಇಲ್ಲ. ಅವತ್ತಿನಿಂದ ನಮ್ಮೂರಿನಲ್ಲಿ ಯಾರೂ ಹಿನ್ನೀರಿನ ಮೀನು ತಿನ್ನುವುದಿಲ್ಲ. ತಿನ್ನಬಾರದು ಅಂತ ಯಾರೂ ಹೇಳಿಲ್ಲ, ಆದರೆ ತಿನ್ನುವುದಿಲ್ಲ.

ಚನ್ನರಾಯಪಟ್ಟಣದ ಕಿರಣ ಎಂಬಾತ ಇದನ್ನಿಟ್ಟುಕೊಂಡು ಒಂದು ಸಿನಿಮಾ ಮಾಡಿದ. ಮೂವತ್ತು ದಾಟಿದವನು, ತೆಂಗಿನಕಾಯಿ ವ್ಯಾಪಾರದ ಮನೆಯವನು, ಮೆತ್ತಗೆ ಮಾತಾಡುವವನು. ಅವನ ಸಿನಿಮಾದಲ್ಲಿ ಹರಿಗೋಲು ಮಗುಚುವುದನ್ನು ತೋರಿಸುವುದಿಲ್ಲ. ಯಾರೂ ಎದೆ ಬಡಿದುಕೊಂಡು ಅಳುವುದಿಲ್ಲ. ಆಮೇಲಿನ ಒಂದು ವರ್ಷ ಊರು ಹೇಗೆ ಎದ್ದಿತು, ಹೇಗೆ ಉಂಡಿತು, ಹೇಗೆ ಮಲಗಿತು, ಅಷ್ಟೇ. ಪಾತ್ರಧಾರಿಗಳೆಲ್ಲ ಊರಿನವರೇ. ಅವ್ವನ ಪಾತ್ರಕ್ಕೆ ಅವ್ವನೇ. ಚಿತ್ರೀಕರಣ ನೋಡುತ್ತಾ ನಿಂತಿದ್ದ ನಮ್ಮ ಚಿಕ್ಕಪ್ಪ, "ಇದ್ಯಾವ್ ಸೀಮೆ ಸಿನಿಮಾನ್ಲಾ! ಒಂದ್ ಆಡಿಲ್ಲ, ಒಂದ್ ಫೈಟಿಲ್ಲ. ನಾವ್ ಅಸ ಕಟ್ಟಾದ್ನ ದುಡ್ ಕೊಟ್ ಯಾವನ್ಲಾ ನೋಡಾನು?" ಎಂದು ಕಿರಣನ ಮುಖದ ಮೇಲೇ ಹೇಳಿದ್ದ. ಸಿನಿಮಾದ ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬರುತ್ತವಲ್ಲ, ಅವನ್ನು ಬರೆದುಕೊಟ್ಟವಳು ನಾನು.

ಆ ಸಿನಿಮಾದ ಕೊನೆಗೆ ಪಕ್ಷದ ಹಬ್ಬ ಬರುತ್ತದೆ. ಸತ್ತವರಿಗೆ ಎಡೆ ಇಡುವ ಹಬ್ಬ. ಅವರಿಗೆ ಪ್ರೀತಿಯಾದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಕೋಣೆಯ ಕದ ಎಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಬಂದು ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಕದ ತಟ್ಟಿ ಒಳಗೆ ಹೋಗುತ್ತೇವೆ. ಅದನ್ನು ನಮ್ಮ ಮನೆಯಲ್ಲೇ ಚಿತ್ರೀಕರಿಸಬೇಕೆಂದು ಕಿರಣ ಕೇಳಿದಾಗ ಅವ್ವ ಹೇಳಿದ್ದು ಇಷ್ಟು:

"ಎಡೆ ಮಡಗಾದ್ನ ತಗಳಪ್ಪ, ಬ್ಯಾಡ ಅನ್ನಕಿಲ್ಲ. ಆದ್ರೆ ಕದ ಎಳುದ್ ಮ್ಯಾಲೆ ಒಳೀಕೆ ಯಾರೂ ನೋಡಂಗಿಲ್ಲ. ನೋಡುದ್ರೆ ಅವ್ಳು ಅಸ್ಕೊಂಡ್ ಎದ್ದೋಯ್ತಾಳೆ. ಆಮ್ಯಾಕ್ ಬರಾದೇ ಇಲ್ಲ."

ಕಿರಣ ತಲೆಯಾಡಿಸಿದ. ಅವ್ವನಿಗೆ ಅದು ಸಾಲಲಿಲ್ಲ. ನನ್ನ ಕಡೆ ತಿರುಗಿದಳು. "ನೀ ಯೋಳು ಮಗ."

"ಯಾರೂ ನೋಡಲ್ಲ ಕಣವ್ವ."

"ಅಂಗಾರೆ ಸೈ. ನನ್ ಮಗ್ಳು ಓದವ್ಳೆ."

ಊರಿನ ಮಿಕ್ಕ ಹೆಂಗಸರು ಒಪ್ಪಿದ್ದೂ ಆ ಮಾತಿನ ಮೇಲೆಯೇ.

ಹಾಸನ

ಸ್ಪೇನ್ ದೇಶದ ವಾಯುವ್ಯ ಮೂಲೆಯಲ್ಲಿ ಗಲೀಸಿಯಾ ಅಂತ ಒಂದು ನಾಡಿದೆ. ಅಲ್ಲಿನ ಒಂದು ಮೀನುಗಾರರ ಊರಿನವರು ವರ್ಷಕ್ಕೊಮ್ಮೆ ನಾಲ್ಕಾರು ಸಿನಿಮಾ ತರಿಸಿ ನೋಡುತ್ತಾರೆ. ಅವರು ಕಿರಣನ ಸಿನಿಮಾ ಆರಿಸಿದ್ದರು. ಇಂಗ್ಲಿಷಿನಲ್ಲಿ ಮಾತಾಡಬೇಕಾಗುತ್ತದೆಂದು ಅವನು ನನ್ನನ್ನು ಹೊರಡಿಸಿದ.

ಹಾಸನದ ಬಸ್ ಸ್ಟ್ಯಾಂಡಿಗೆ ಅವ್ವ ಬೀಳ್ಕೊಡಲು ಬಂದಿದ್ದಳು. ಚೀಲದಲ್ಲಿ ಹುರುಳಿ ಚಟ್ನಿಪುಡಿ, ಕಜ್ಜಾಯ, ಒಂದು ಸಣ್ಣ ಗಂಟು ರಾಗಿ ಹಿಟ್ಟು.

"ರಾಗಿ ಹಿಟ್ ಯಾಕವ್ವ? ಅಲ್ಲಿ ಎಲ್ಲಿ ಮುದ್ದೆ ಕಟ್ಲಿ?"

"ಒಲೆ ಇರಲ್ವಾ ಅವ್ರ್ ಮನೇಲಿ? ಒಲೆ ಇಲ್ದಿದ್ ಮ್ಯಾಕೆ ಅದೆಂತಾ ದೇಸ?"

ಸಿನಿಮಾದ ವಿಷಯ ಅವಳು ಎತ್ತಲೇ ಇಲ್ಲ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಮಾತ್ರ, "ಗೌರಿನೂ ಕರ್ಕೊಂಡೋಯ್ತಿದೀಯ, ಉಷಾರು" ಎಂದಳು. ಪಕ್ಕದ ಸೀಟಿನವರು ನನ್ನ ಆಚೆ ಈಚೆ ನೋಡಿದರು.

ಕಡಲ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಒಳಗೆ ಕರೆದು ಕೂರಿಸಿ ಹೇಳಿದ ಮಾತುಗಳು ಇದರಲ್ಲಿ ಇವೆ. ಕಪ್ಪು ಬಂಡೆ, ಕಪ್ಪು ಹೆಂಚು, ಹನಿ ಕಡಿಯದ ಮಳೆ. ಕಡಲು ಕಾಣುವುದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ. ನಮ್ಮ ಹಿನ್ನೀರು ಸದ್ದೇ ಮಾಡುವುದಿಲ್ಲ. ಅದಕ್ಕೇ ನನಗೆ ಅದರ ಭಯ. ಇಲ್ಲಿ ಎಲ್ಲ ಹೊತ್ತಿನಲ್ಲೂ ಸದ್ದು. ಭಯಪಡುವುದಕ್ಕೂ ಒಂದು ಬಿಡುವು ಬೇಕಲ್ಲ, ಅದು ಸಿಗುವುದಿಲ್ಲ.

ಬಂದ ಮೊದಲನೆಯ ದಿನವೇ ಮಾನ ಕಳೆದುಕೊಂಡೆ. ಪ್ರತಿಯೊಂದು ಮನೆಯ ಹಿತ್ತಲಿನಲ್ಲೂ ಕಲ್ಲಿನ ಕಂಬಗಳ ಮೇಲೆ ನಿಲ್ಲಿಸಿದ ಉದ್ದನೆಯ ಸಣ್ಣ ಗುಡಿಗಳು. ಕಲ್ಲಿನ ಗೋಡೆ, ಹೆಂಚಿನ ಮಾಡು, ನೆತ್ತಿಯ ಮೇಲೆ ಶಿಲುಬೆ. ಹಿರಿಯರ ಸಮಾಧಿ ಇರಬೇಕೆಂದು ಚಪ್ಪಲಿ ಬಿಟ್ಟು, ಮಳೆಯಲ್ಲೇ ನಿಂತು ಕೈಮುಗಿದೆ. ಮನೆಯೊಳಗಿಂದ ಒಬ್ಬ ಮುದುಕ ಓಡಿಬಂದು ಬಾಗಿಲು ತೆಗೆದು ತೋರಿಸಿದ: ಒಳಗೆ ಮುಸುಕಿನ ಜೋಳ, ಎರಡು ಕುಂಬಳಕಾಯಿ. ಅದು ಕಣಜ. ಇಲಿ ಹತ್ತದಿರಲೆಂದು ಕಂಬದ ಮೇಲೆ ನಿಲ್ಲಿಸುತ್ತಾರಂತೆ. ಕಿರಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ. ಕಣಜಕ್ಕೆ ಕೈಮುಗಿಯುವುದು ನಮ್ಮಲ್ಲೂ ಇದೆ, ತಪ್ಪೇನು ಅಂದೆ.

ನಾನು ಉಳಿದುಕೊಂಡದ್ದು ಮರೂಷಾ ಎಂಬ ಹೆಂಗಸಿನ ಮನೆಯಲ್ಲಿ. ಎಪ್ಪತ್ತರ ಹತ್ತಿರದವಳು, ಮೈಮೇಲೆ ಯಾವಾಗಲೂ ಕಪ್ಪು ಬಟ್ಟೆ. ಅವಳ ಗಂಡ ಹೋದ ದೋಣಿ ವಾಪಸ್ಸು ಬರಲಿಲ್ಲ. ಅದರಲ್ಲಿ ಅರ್ಧ ಬೀದಿಯ ಗಂಡಸರಿದ್ದರು. ಅವಳ ಅಕ್ಕನ ಮಗಳು ಲೂಸಿಯಾ ಅವಳ ಮಾತನ್ನು ನನಗೆ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದಳು. ಮೊದಲ ಊಟಕ್ಕೇ ಮೀನು ಬಂತು, ಇಡೀ ಮೀನು, ಕಣ್ಣು ಬಿಟ್ಟುಕೊಂಡು. ನಾನು ಕೈಹಾಕಲಾರದೆ ನಮ್ಮೂರಿನ ವಿಷಯ ಹೇಳಿದೆ. ಹೇಳಿ, ನೀವು ಹೇಗೆ ತಿನ್ನುತ್ತೀರಿ ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತೇನೋ.

ಮರೂಷಾ ಮುಳ್ಳು ಬಿಡಿಸುತ್ತಾ ಹೇಳಿದಳು: "ಅದು ನಮ್ಮವರನ್ನು ತಿಂತು. ನಾವು ಅದರವನ್ನು ತಿಂತೀವಿ. ಸೇಡಲ್ಲ, ಊಟ. ಇಲ್ಲಿ ಬೇರೇನೂ ಬೆಳೆಯಲ್ಲ."

ಆಮೇಲೆ ನನ್ನ ತಟ್ಟೆ ಎತ್ತಿಕೊಂಡು ಹೋಗಿ ಎರಡು ಮೊಟ್ಟೆ ಕರಿದು ತಂದಳು. ಅವತ್ತಿನಿಂದ ನಾವಿಬ್ಬರೂ ಬೇಕಾದವರಾದೆವು. ರಾಗಿ ಹಿಟ್ಟು ತೋರಿಸಿದೆ. ಅವಳ ಒಲೆಯಲ್ಲೇ ಮುದ್ದೆ ಕಟ್ಟಿದೆ. ಅಗಿಯದೆ ನುಂಗಬೇಕು ಎಂದರೆ ಮಾತ್ರ ನಂಬಲಿಲ್ಲ.

ಸೇವಂತಿಗೆ

ಸಿನಿಮಾದ ದಿನ ಬೆಳಿಗ್ಗೆ ಮಳೆ ನಿಂತಿತ್ತು. ಬೀದಿಗೆ ಇಳಿದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಇಗರ್ಜಿಯ ಮುಂದೆ ರಾಶಿ ರಾಶಿ ಸೇವಂತಿಗೆ! ಹಳದಿ, ಬಿಳಿ, ಕೆಂಗಂದು. ಹಾಸನದ ಹೂವಿನ ಸಾಲನ್ನೇ ತಂದು ಸುರಿದ ಹಾಗಿತ್ತು. ಬಂದಾಗಿನಿಂದ ಕಂಡ ಒಂದೇ ಒಂದು ಪರಿಚಯದ ಮುಖ ಅದು. ಮರೂಷಾಳಿಗೆಂದು ಒಂದು ತೋಳು ತುಂಬ ತೆಗೆದುಕೊಂಡೆ. ಅದರಲ್ಲೊಂದು ಹಳದಿ ಹೂವನ್ನು ಕಿತ್ತು ಜಡೆಗೆ ಸಿಕ್ಕಿಸಿಕೊಂಡೆ. ದಾರಿಯಲ್ಲಿ ಎದುರಾದವರೆಲ್ಲ ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದರು. ನನ್ನ ಸೀರೆ ನೋಡಿ ಇರಬೇಕೆಂದು ಸ್ವಲ್ಪ ಹೆಮ್ಮೆಯಿಂದಲೇ ನಡೆದೆ.

ಬಾಗಿಲು ತೆಗೆದ ಮರೂಷಾ ಹೂವು ನೋಡಿದಳು, ನನ್ನ ತಲೆ ನೋಡಿದಳು, ಅಲ್ಲೇ ನಿಂತಳು. ಒಳಗಿನಿಂದ ಬಂದ ಲೂಸಿಯಾ ಬಾಯಿಗೆ ಕೈ ಇಟ್ಟುಕೊಂಡಳು.

"ಇದು ಸತ್ತವರ ಹೂವು" ಎಂದಳು ಲೂಸಿಯಾ. "ಇದನ್ನು ಮನೆಯೊಳಗೆ ತರೋದಿಲ್ಲ. ಬದುಕಿರುವವರಿಗೆ ಕೊಡೋದಿಲ್ಲ. ಇವತ್ತು ಸತ್ತವರ ದಿನ, ಅದಕ್ಕೇ ಮಾರ್ತಿದಾರೆ."

ನನಗೆ ಭೂಮಿ ಬಿರಿಯಬಾರದೇ ಅನ್ನಿಸಿತು. ನಮ್ಮಲ್ಲಿ ಸೇವಂತಿಗೆ ಯಾವುದಕ್ಕೆ ಬೇಡ! ಮದುವೆಗೆ, ಮಗುವಿನ ಹೆಸರಿಡುವುದಕ್ಕೆ, ಹೊಸ ಟ್ರ್ಯಾಕ್ಟರಿಗೆ. ಇಲ್ಲಿ ಅದನ್ನು ಒಬ್ಬಳು ಬಡಪಾಯಿಯ ಹೊಸ್ತಿಲಿಗೆ ತಂದು ನಿಂತಿದ್ದೇನೆ. ಜಡೆಯ ಹೂವು ಕೀಳಲು ಹೋದೆ. ಮರೂಷಾ ನನ್ನ ಕೈ ಹಿಡಿದು ಏನೋ ಕೇಳಿದಳು.

"ಯಾರಿಗೆ ಮುಡಿದದ್ದು ಅಂತ ಕೇಳ್ತಿದಾಳೆ" ಎಂದಳು ಲೂಸಿಯಾ.

ಯಾರಿಗೂ ಇಲ್ಲ, ಚೆಂದಕ್ಕೆ, ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆ. "ನಮ್ಮಕ್ಕನಿಗೆ" ಅಂದೆ.

"ಹಾಗಾದರೆ ಇರಲಿ" ಎಂದಳು ಮರೂಷಾ. ಶಾಲು ಹೊದ್ದು, ಮಿಕ್ಕ ಹೂವನ್ನೆಲ್ಲ ಹೊರಗೇ ನನ್ನ ತೋಳಿನಿಂದ ತೆಗೆದುಕೊಂಡು ಬಂದರಿನ ಕಡೆ ನಡೆದಳು. ಅಲ್ಲಿ ನೀರಿನ ಅಂಚಿಗೆ ಒಂದು ಕಲ್ಲು ನಿಲ್ಲಿಸಿದ್ದಾರೆ. ಹೆಣ ಸಿಗದವರಿಗೆ ಗೋರಿ ಇಲ್ಲ, ಆ ಕಲ್ಲೇ. ಸುತ್ತ ಇದೇ ಹೂವು. ಅವಳು ಬಗ್ಗಿ ಹೂವು ಇಟ್ಟಳು, ನಾನೂ ಇಟ್ಟೆ. ವಾಪಸ್ಸು ಬರುವಾಗ, ಜೊತೆಗಿದ್ದ ಲೂಸಿಯಾಳ ಮೂಲಕ ಹೇಳಿದಳು, ಇವತ್ತು ಸಂಜೆ ಅವಳು ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳಂತೆ. ಒಲೆ ಆರಿಸುವುದಿಲ್ಲವಂತೆ. ಇಟ್ಟು ಮಲಗಲು ಹೋಗುವುದು. ಹಿಂತಿರುಗಿ ನೋಡುವುದಿಲ್ಲ.

"ಯಾಕೆ?" ಎಂದೆ, ಉತ್ತರ ಗೊತ್ತಿದ್ದೂ.

"ಯಾರಾದರೂ ನೋಡ್ತಾ ನಿಂತರೆ ನಿನಗೆ ಊಟ ಇಳಿಯುತ್ತಾ?"

ಸಿನಿಮಾ ನೋಡಿದ ದಿನ

ಅದೇ ದಿನ ಮಧ್ಯಾಹ್ನ ಸಿನಿಮಾ. ಅವರ ಸಿನಿಮಾ ಮಂದಿರವೆಂದರೆ ಹಳೆಯ ಮೀನಿನ ಗೋದಾಮು. ಕಿಟಕಿಗಳಿಗೆ ಕಪ್ಪು ಬಟ್ಟೆ, ಮಡಚುವ ಕುರ್ಚಿಗಳು, ಉಪ್ಪಿನ ವಾಸನೆ. ಜನ ಕಿಕ್ಕಿರಿದಿದ್ದರು, ಹಿಂದೆ ನಿಂತವರೇ ಒಂದು ಗುಂಪು. ಆದರೂ ನನ್ನ ಎಡಗಡೆಯ ಕುರ್ಚಿಗೆ ಯಾರೂ ಬರಲಿಲ್ಲ. ಬಂದವರು ನನ್ನನ್ನೂ ಕುರ್ಚಿಯನ್ನೂ ನೋಡಿ, ತಲೆ ಬಾಗಿಸಿ, ಹಿಂದೆ ಹೋಗಿ ನಿಲ್ಲುತ್ತಿದ್ದರು. ಸೇವಂತಿಗೆ ಮುಡಿದ ಹೆಂಗಸು ಅಪಶಕುನವೆಂದು ದೂರ ಇಟ್ಟಿದ್ದಾರೆ ಎಂದುಕೊಂಡು ಮುಖ ಚಿಕ್ಕದಾಯಿತು. ಬಲಗಡೆ ಕೂತಿದ್ದ ಮರೂಷಾಳ ಹಿಂದಿನಿಂದ ಲೂಸಿಯಾ ಬಗ್ಗಿ ಪಿಸುಗುಟ್ಟಿದಳು:

"ನಿನ್ನ ಅಕ್ಕನಿಗೆ ಅಂತ ಹೂವು ಮುಡಿದು ಬಂದಿದೀಯ ಅಂತ ಮರೂಷಾ ಎಲ್ಲರಿಗೂ ಹೇಳಿದಾಳೆ. ಅದಕ್ಕೆ ಜಾಗ ಬಿಟ್ಟಿದಾರೆ."

ಎಡಗಡೆ ತಿರುಗಿ ನೋಡುವ ಧೈರ್ಯ ನನಗೆ ಆಮೇಲೆ ಬರಲಿಲ್ಲ. ಆ ಕಡೆಯ ತೋಳು ತಣ್ಣಗೆ ಇತ್ತು. ಕಿಟಕಿಯ ಗಾಳಿ ಇರಬಹುದು.

ಸಿನಿಮಾ ಶುರುವಾಯಿತು. ನನ್ನ ಇಂಗ್ಲಿಷಿನ ಕೆಳಗೆ ಅವರ ಭಾಷೆಯಲ್ಲೂ ಒಂದು ಸಾಲು ಹಾಕಿದ್ದರು. ಅವ್ವ ತೆರೆಯ ಮೇಲೆ ಸಗಣಿ ಬಾಚಿದಳು, ರಾಗಿ ಬೀಸಿದಳು, ಯಾರದೋ ಮಗುವಿನ ಮೂಗು ಒರೆಸಿದಳು. ಯಾರೂ ಕೆಮ್ಮಲಿಲ್ಲ. ಚಿಕ್ಕಪ್ಪ ಯಾವನ್ಲಾ ನೋಡಾನು ಎಂದದ್ದನ್ನು ಇವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಪಕ್ಷದ ಹಬ್ಬ ಬಂತು. ಅವ್ವ ಎಡೆ ಇಟ್ಟಳು: ಮುದ್ದೆ, ಕೋಳಿ ಸಾರು, ಕಜ್ಜಾಯ, ನೀರಿನ ಲೋಟ, ನಾನು ತಂದುಕೊಟ್ಟ ಹಸಿರು ಸೀರೆ. ಹೊರಗೆ ಬಂದು ಕದ ಎಳೆದಳು. ಸೆರಗು ಸರಿಮಾಡಿಕೊಂಡು ಜಗುಲಿಯ ಹೆಂಗಸರಿಗೆ, "ಇನ್ ಯಾರೂ ನೋಡ್ಬ್ಯಾಡಿ. ಉಣ್ಲಿ ಅವ್ಳು" ಎಂದಳು. ಆ ಸಾಲನ್ನು ಇಂಗ್ಲಿಷಿಗೆ ತರಲು ನಾನು ಒಂದು ಇಡೀ ಸಂಜೆ ಒದ್ದಾಡಿದ್ದೆ. ಮುಂದಿನದು ನನಗೆ ಗೊತ್ತಿತ್ತು. ಮುಚ್ಚಿದ ಕದ, ಜಗುಲಿ, ಕಾಯುವ ಹೆಂಗಸರು. ಕಿರಣ ನನಗೆ ಬರೆಯಲು ಕೊಟ್ಟ ಪ್ರತಿಯಲ್ಲಿ ಇದ್ದದ್ದು ಅದೇ.

ತೆರೆಯ ಮೇಲೆ ಬಂದದ್ದು ಕೋಣೆಯ ಒಳಗು.

ಕದ ಒಳಗಡೆಯಿಂದ ಕಾಣುತ್ತಿತ್ತು. ದೀಪ. ಎಲೆ. ಮಡಿಸಿದ ಹಸಿರು ಸೀರೆ. ಕ್ಯಾಮೆರಾವನ್ನು ಮೂಲೆಯಲ್ಲಿ ನಿಲ್ಲಿಸಿ, ಚಾಲೂ ಮಾಡಿ, ಬಿಟ್ಟು ಬಂದಿದ್ದಾರೆ. ನನ್ನ ಮಾತಿನ ಮೇಲೆ ಕದ ಎಳೆದಿದ್ದಳು ಅವ್ವ.

ಎದ್ದು ಕೂಗಬೇಕೆಂದುಕೊಂಡೆ. ಆಗ ಪಕ್ಕದಲ್ಲಿ ಏನೋ ಅಲುಗಿತು. ಮರೂಷಾ ತಲೆ ತಗ್ಗಿಸಿ ತನ್ನ ಮಡಿಲು ನೋಡುತ್ತಿದ್ದಳು. ಅವಳ ಆಚೆಯವಳೂ. ಮುಂದಿನ ಸಾಲಿನ ಮುದುಕನೊಬ್ಬ ಟೋಪಿ ತೆಗೆದು ಬಾಗಿದ. ರಾಗಿ ಹೊಲದ ಮೇಲೆ ಗಾಳಿ ಹಾದ ಹಾಗೆ ಸಾಲಿನಿಂದ ಸಾಲಿಗೆ ತಲೆಗಳು ಬಾಗುತ್ತಾ ಹೋದವು. ನಿಂತವರೂ ನೆಲ ನೋಡಿದರು. ನೋಡಬೇಡಿ ಎಂದು ಅವ್ವ ಹೇಳಿದ್ದಳು, ಇವರು ನೋಡಲಿಲ್ಲ. ಅಷ್ಟು ಜನರ ಮುಂದೆ ದೊಡ್ಡ ತೆರೆಯ ಮೇಲೆ ಆ ಕೋಣೆ ಬೆಳಗುತ್ತಿತ್ತು. ಒಬ್ಬರ ಕಣ್ಣೂ ಅದರ ಮೇಲೆ ಇರಲಿಲ್ಲ. ನಾನೂ ತಲೆ ತಗ್ಗಿಸಿದೆ.

ನೋಡುವುದು ನಿಂತಾಗ ಕೇಳಿಸುವುದು ಹೆಚ್ಚಾಗುತ್ತದೆ. ದೀಪದ ಬತ್ತಿಯ ಚಟಚಟ. ದೂರದಲ್ಲಿ, ಕದದ ಆಚೆ, ನಮ್ಮ ಹೆಂಗಸರ ಗುಸುಗುಸು. ಬಹಳ ಹೊತ್ತು ಅಷ್ಟೇ. ಆಮೇಲೆ, ಹತ್ತಿರದಲ್ಲಿ, ಸಿಮೆಂಟು ನೆಲದ ಮೇಲೆ ಹಿತ್ತಾಳೆ ಲೋಟ ಇಟ್ಟ ಸದ್ದು.

ಮರೂಷಾ ನನ್ನ ಕೈ ಹಿಡಿದಳು. ನನಗೊಬ್ಬಳಿಗೇ ಕೇಳಿಸಿದ್ದಲ್ಲ.

ಅವ್ವ ಕದ ತಟ್ಟಿದಳು. ತಲೆಗಳು ಮೇಲೆದ್ದವು. ಸಿನಿಮಾ ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಇಗರ್ಜಿಯಿಂದ ಹೋಗುವ ಹಾಗೆ, ಕುರ್ಚಿ ಎಳೆದ ಸದ್ದೂ ಆಗದಂತೆ ಎದ್ದು ಹೋದರು.

ಹಿಂದಿರುಗುವ ಬಸ್ಸು

ಮರುದಿನ ವಿಮಾನದ ಊರಿಗೆ ಹೋಗುವ ಬಸ್ಸಿನಲ್ಲಿ ಕಿರಣ ಮುಖ ಇಳಿಬಿಟ್ಟುಕೊಂಡು ಕೂತಿದ್ದ. ಅವನು ಪ್ರೊಜೆಕ್ಟರಿನ ಪಕ್ಕ ನಿಂತಿದ್ದನಂತೆ.

"ಎಲ್ಲಾ ಮಲಗಿಬಿಟ್ರಲ್ಲ ಅಕ್ಕ. ಅಷ್ಟೊಂದ್ ಬೋರಾ?"

"ಮಲಗಿದ್ದಲ್ಲ. ನೋಡಬಾರದು ಅಂತ ತಲೆ ತಗ್ಗಿಸಿದ್ರು. ಮಾತು ಕೊಟ್ಟಿದ್ದ ನೀನೊಬ್ಬನೇ ನೋಡ್ತಾ ನಿಂತಿದ್ದೆ."

"ಕೋಣೇಲಿ ಯಾರೂ ಇರಲಿಲ್ಲ ಅಕ್ಕ. ಯಾರೂ ನೋಡ್ಲಿಲ್ಲ. ಕ್ಯಾಮೆರಾ ತಾನೆ?"

"ಕ್ಯಾಮೆರಾ ನೋಡಿದ್ದನ್ನ ಆಮೇಲೆ ಯಾರು ನೋಡಿದ್ದು?"

"ಅದರಲ್ಲಿ ಏನೂ ಇಲ್ಲ. ಖಾಲಿ ಕೋಣೆ."

"ಖಾಲಿ ಅಂತ ನಮ್ಮವ್ವನಿಗೆ ತೋರಿಸ್ತೀಯ? ಊರಲ್ಲಿ ಮಗಳನ್ನ ಕಳಕೊಂಡೋರಿಗೆಲ್ಲ ತೋರಿಸ್ತೀಯ, ಇಷ್ಟು ವರ್ಷ ನೀವು ಬಡಿಸಿದ್ದು ಯಾರಿಗೂ ಅಲ್ಲ ಅಂತ?"

ಊರಿಗೆ ವಾಪಸ್ಸಾದ ಮೇಲೆ ನಮ್ಮೂರಿನ ಶಾಲೆಯಲ್ಲಿ ಸಿನಿಮಾ ತೋರಿಸುವುದಾಗಿ ಹೆಂಗಸರಿಗೆ ಹೇಳಿ ಬಂದಿದ್ದೆವು.

"ಆ ಸದ್ದು ಏನು ಕಿರಣ?"

"ನಿಮಗೂ ಕೇಳಿಸ್ತಾ?" ಅವನ ದನಿ ಇಳಿಯಿತು. "ಶೂಟಿಂಗ್ ಆದ ದಿನವೇ ನಂಗೆ ಕೇಳಿಸ್ತು. ಇಲಿ ಅಂದ್ಕೊಂಡೆ. ಆದ್ರೆ ಚಿತ್ರದಲ್ಲಿ ಲೋಟ ಇಟ್ಟಲ್ಲೇ ಇದೆ, ಅಲುಗಾಡಲ್ಲ. ಆ ಸದ್ದು ಅಳಿಸೋಣ ಅಂತ ಕೂತೆ. ಕೈ ಬರಲಿಲ್ಲ."

ಆಮೇಲೆ ಅವನೇ ಒಂದು ದಾರಿ ಹೇಳಿದ. ಊರಲ್ಲಿ ತೋರಿಸುವಾಗ ಆ ಭಾಗವನ್ನೇ ಕತ್ತರಿಸಿ ತೋರಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಹಗುರವಾದ ದಾರಿ. ನನಗೂ ಒಂದು ಗಳಿಗೆ ಸರಿ ಎನ್ನಿಸಿತು. ಆದರೆ ಅವ್ವ ಒಪ್ಪಿದ್ದು ಕಿರಣನನ್ನು ನೋಡಿ ಅಲ್ಲ. ಓದಿದವಳು ಎಂಬ ಮಾತಿಗೆ ನಮ್ಮೂರಿನಲ್ಲಿ ಇನ್ನೂ ಬೆಲೆ ಇದೆ. ನಾನೇ ಅದನ್ನು ಗಳಿಸಿದ್ದು, ಕಳೆಯುವುದಾದರೆ ಬಾಯಿಬಿಟ್ಟು ಹೇಳಿಯೇ ಕಳೆಯುತ್ತೇನೆ ಎಂದುಕೊಂಡೆ.

ಅರಕಲಗೂಡು

ಅರಕಲಗೂಡಿನಲ್ಲಿ ಬಸ್ಸಿಳಿದು ಆಟೋ ಹಿಡಿದಾಗ ಕಿರಣನೂ ಜೊತೆಗಿದ್ದ. ಬರುತ್ತೇನೆ ಎಂದು ಅವನೇ ಹಟ ಹಿಡಿದ. ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಊರೆಲ್ಲ ಸೊಗಡಿನ ವಾಸನೆ.

"ಬಂದ್ಯಾ ಮಗ? ಇಳ್ದೋಗಿದೀಯಲ್ಲ. ಅಲ್ಲಿ ಒಲೆ ಇತ್ತಾ?"

"ಇತ್ತು ಕಣವ್ವ." ಕೂತುಕೊಳ್ಳದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಳಗೆ ಕ್ಯಾಮೆರಾ ಇತ್ತು, ನನಗೆ ಗೊತ್ತಿರಲಿಲ್ಲ, ಅಲ್ಲಿ ಹೋಗಿ ಕಂಡೆ. ಸದ್ದಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಅವ್ವನ ಬೆರಳು ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.

"ನೀ ನೋಡ್ದಾ?"

"ಮೊದ್ಲು ಒಂಚೂರು. ಆಮೇಲೆ ತಲೆ ಬಗ್ಗಿಸ್ದೆ."

"ಆ ಊರ್ನೋರು?"

"ಒಬ್ರೂ ನೋಡ್ಲಿಲ್ಲ."

ಅಂಗಳದಲ್ಲಿ ನಿಂತಿದ್ದ ಕಿರಣನ ಕಡೆ ತಿರುಗಿದಳು. "ನೀ ಎಷ್ಟ್ ಸಲ ನೋಡ್ದಪ್ಪ?"

"ತುಂಬ ಸಲ ಅಮ್ಮ. ಕೆಲಸಕ್ಕೆ… ಜೋಡಿಸೋಕೆ ನೋಡಲೇಬೇಕಿತ್ತು."

"ಅಂಗಾರೆ ಅಷ್ಟ್ ಸಲನೂ ಅಸ್ಕೊಂಡ್ ಎದ್ದೋಗವ್ಳೆ ಅವ್ಳು."

ಬಯ್ಯಲಿಲ್ಲ, ದನಿ ಎತ್ತಲಿಲ್ಲ. ಮೊರ ಎತ್ತಿಕೊಂಡು ಒಳಗೆ ಹೋದಳು. ಕಿರಣ ಅಂಗಳದಲ್ಲೇ ನಿಂತಿದ್ದ, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು. ಸಿನಿಮಾ ತೋರಿಸುವುದು ಬೇಡವೆಂದು ನಾನು ಹೇಳುವಷ್ಟರಲ್ಲಿ ಒಳಗಿನಿಂದಲೇ ಅವ್ವನ ದನಿ ಬಂತು:

"ತೋರ್ಸಲಿ. ಯೋಳಿದ್ ಮಾತ್ ತಪ್ಪಾದು ಒಂದ್ ಸಲ ಸಾಕು."

ನಮ್ಮೂರು

ಶಾಲೆಯ ಕೋಣೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲೆ ಮಾಡಿದ್ದೆವು. ಸಂಜೆ ಹೆಂಗಸರು ಬಂದು ನೆಲದ ಮೇಲೆ ಕೂತರು. ಗಂಡಸರು ಗೋಡೆಗೆ ಒರಗಿದರು. ವಿಷಯ ಊರಿಗೆಲ್ಲ ಗೊತ್ತಾಗಿತ್ತು. ನನ್ನನ್ನು ಯಾರೂ ಮಾತಾಡಿಸಲಿಲ್ಲ. ಅವ್ವ ಬಂದು ಮುಂದೆ ಕೂತಳು. ಅವಳ ಪಕ್ಕಕ್ಕೆ ಕಾಳಮ್ಮ ಬಂದಳು. ಅವತ್ತು ಹರಿಗೋಲು ಹಾಕುತ್ತಿದ್ದ ಮಂಜನ ತಾಯಿ. ಮಂಜ ಇವತ್ತಿನವರೆಗೂ ಸಿಕ್ಕಿಲ್ಲ. ಹೆಣ ನೋಡದೆ ಎಡೆ ಇಡಬೇಕೋ ಬೇಡವೋ ಎಂದು ವರ್ಷ ವರ್ಷ ಎಲ್ಲರನ್ನೂ ಕೇಳುತ್ತಾಳೆ, ಕೇಳಿ ಇಡುತ್ತಾಳೆ.

ಮೊದಮೊದಲು ಸ್ವಲ್ಪ ನಗುವೂ ಇತ್ತು. ಚಿಕ್ಕಪ್ಪ ತೆರೆಯ ಮೇಲೆ ಬೀಡಿ ಹಚ್ಚಿದಾಗ, "ನೋಡ್ರಲಾ, ಈರೋ ಬಂದ!" ಎಂದು ಯಾರೋ ಕೂಗಿದರು. ಪಕ್ಷದ ಹಬ್ಬ ಹತ್ತಿರ ಬಂದಂತೆ ಅದು ನಿಂತಿತು.

ತೆರೆಯ ಅವ್ವ ಕದ ಎಳೆದಳು. "ಇನ್ ಯಾರೂ ನೋಡ್ಬ್ಯಾಡಿ. ಉಣ್ಲಿ ಅವ್ಳು."

ಕೋಣೆ ಕತ್ತಲಾಯಿತು. ತಿರುಗಿ ನೋಡಿದರೆ ಕಿರಣ ಪ್ರೊಜೆಕ್ಟರಿನ ಗಾಜಿಗೆ ಅಂಗೈ ಅಡ್ಡ ಹಿಡಿದಿದ್ದ. ಬೆರಳ ಸಂದಿಗಳು ಕೆಂಪಗೆ ಕಾಣುತ್ತಿದ್ದವು. ಆ ಭಾಗವನ್ನು ಅವನು ಕತ್ತರಿಸಿರಲಿಲ್ಲ. ನೋಡಲೂ ಬಿಡಲಿಲ್ಲ. ಸದ್ದು ಮಾತ್ರ ಬರುತ್ತಿತ್ತು. ಬತ್ತಿಯ ಚಟಚಟ. ಕದದ ಆಚೆಯಿಂದ ಇವರದೇ ಗುಸುಗುಸು ಇವರಿಗೇ ಕೇಳುತ್ತಿತ್ತು.

ಲೋಟ ನೆಲಕ್ಕೆ ಇಟ್ಟ ಸದ್ದು.

ಆಮೇಲೆ ಕತ್ತಲಲ್ಲಿ ಅವ್ವನ ದನಿ, ಯಾರಿಗೋ ದಾರಿ ಹೇಳುವಷ್ಟು ಸಾದಾ ದನಿ:

"ನೀರ್ ಕುಡುದ್ಳು. ಉಂಡ್ ಮ್ಯಾಲ್ ತಾನೆ ಅವ್ಳು ನೀರ್ ಕುಡಿಯಾದು. ಉಂಡವ್ಳೆ ಬುಡು."

ಹಿಂದೆ ಯಾರೋ ಹೆಂಗಸು ಬಿಕ್ಕಿದಳು. ತೆರೆಯ ಅವ್ವ ಕದ ತಟ್ಟುವ ಸದ್ದೂ ಬಂತು. ಆಗ ಕಾಳಮ್ಮ ಕೇಳಿದಳು. ನನ್ನನ್ನೋ, ಕಿರಣನನ್ನೋ, ತಿಳಿಯಲಿಲ್ಲ.

"ಅಲ್ ಕಣಪ್ಪ, ಆ ಮಿಷಿನ್ನ ನಮ್ಮನೇಲೂ ಒಂದ್ ದಿನ ಮಡಗ್ಬೋದಲ್ವಾ? ನೋಡಾದ್ ಬ್ಯಾಡ. ಕೇಳುದ್ರೆ ಸಾಕು. ನಮ್ ಐದ ಮಂಜ ಬತ್ತಾನೋ ಇಲ್ವೋ ಗೊತ್ತಾದ್ರೆ ಸಾಕು. ಬರ್ದಿದ್ರೆ ಎಲ್ಲೋ ಬದುಕವ್ನೆ ಅಂತ ತಾನೆ?"

ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು, ಅದರಲ್ಲಿ ಕದ ತೆರೆದು ಎಲ್ಲರೂ ಒಳಗೆ ಹೋದ ಸದ್ದೂ ಬಂದಾಗಿತ್ತು. ಕಿರಣ ಅಂಗೈ ತೆಗೆಯಲಿಲ್ಲ. ತೆಗಿ ಎಂದು ಅವನಿಗೆ ಯಾರೂ ಹೇಳಲಿಲ್ಲ.